ಪಾಚಿಯ ತಿಳಿ

ಗದ್ದೆಗಳನ್ನೆಲ್ಲ ಸಮುದ್ರ ನುಂಗಿದ ಮೇಲೆ ಕರಾವಳಿಗೆ ಕಡಲಪಾಚಿಯೇ ಅನ್ನ. ಹಿಂದೆ ಗಂಜಿಯ ತಿಳಿ ಕೊಡುತ್ತಿದ್ದಂತೆ, ಮಂಕಾಳಿ ಬಸುರಿ ಸೊಸೆಗೆ ಪಾಚಿ ಬಸಿದ ನೀರನ್ನು ದಿನವೂ ಕುಡಿಸಿದ್ದಳು. ಹುಟ್ಟಿದ ಮೊಮ್ಮಗಳು ಅಳುವುದೇ ಇಲ್ಲ. “ಎಂಥ ಸಾಧು ಕೂಸು ಮಾರಾಯ್ತಿ!” ಎಂದು ನೆರೆಯವರು ಹೊಗಳಿದ್ದರು.

ಮಂಕಾಳಿ ಆಸ್ಪತ್ರೆಗೆ ಎತ್ತಿಕೊಂಡು ಬಂದ ಕೂಸಿನ ಊದಿದ ಗಂಟಲನ್ನು ಡಾಕ್ಟರಮ್ಮ ಸವರಿದರು. “ಪಾಚಿ ಬಸಿದ ನೀರಿನ ಅಯೋಡಿನ್ ಅತಿಯಾಗಿ ಕೂಸಿನ ಥೈರಾಯ್ಡ್ ಗ್ರಂಥಿ ಗರ್ಭದಲ್ಲೇ ಸೋತಿದೆ, ಅದಕ್ಕೇ ಅಳೋದಿಲ್ಲ. ಆ ನೀರನ್ನು ಚೆಲ್ಲಬೇಕಿತ್ತು ಅಮ್ಮಾ. ಈಗಲೇ ಮಾತ್ರೆ ಕೊಡದಿದ್ರೆ ಬುದ್ಧಿ ಬೆಳೆಯೋದಿಲ್ಲ.”

“ಹಾಗಾದ್ರೆ ಕೊಡಿ!”

“ಮಾತ್ರೆ ತರೋ ದೋಣಿ ಬಂದು ವರ್ಷವಾಯ್ತು.”

ಮನೆಗೆ ಬಂದ ಮಂಕಾಳಿ ಪಾಚಿ ಬಸಿದು, ನೀರನ್ನೆಲ್ಲ ಹಿತ್ತಲಿಗೆ ಚೆಲ್ಲಿದಳು. ಹಾಲು ಕುಡಿಯುವ ಹೊತ್ತು ಮೀರಿದರೂ ಕೂಸು ಮಲಗೇ ಇತ್ತು. “ಅಳೇ ಪುಟ್ಟಿ, ಒಂದ್ಸಲ ಅಳೇ” ಎನ್ನುತ್ತ ಅದರ ಅಂಗಾಲನ್ನು ಚಿವುಟಿದಳು. ಕೂಸು ಕಣ್ಣು ತೆರೆದು ಅಜ್ಜಿಯನ್ನು ನೋಡಿ, ಮತ್ತೆ ಮುಚ್ಚಿತು.