ಆರೂವರೆ ಅಂಕದ ನ್ಯಾಯ

ಮತ್ತೆ ಕಪ್ಪೇ ಗೆದ್ದಿತು.

ಪ್ರೊಫೆಸರ್ ಕುಪ್ಪುಸಾಮಿ ಕನ್ನಡಕ ತೆಗೆದು ಎರಡೂ ಕಂಪ್ಯೂಟರುಗಳನ್ನು ಅನುಮಾನದಿಂದ ನೋಡಿದರು. ಒಂದರಲ್ಲಿದ್ದದ್ದು, ಕಪ್ಪು ಬಿಳಿ ಕಾಯಿಗಳ ಗೋ ಎಂಬ ಆಟವನ್ನು ತಾನೇ ಆಡುವ ಧನಶ್ರೀಯ ಪ್ರೋಗ್ರಾಮು. ಇನ್ನೊಂದರಲ್ಲಿ ಮೋಹನ್ ರಾಜ್‌ನದು. ಮೋಹನ್ ರಾಜ್ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡು ಕೆಲವು ತಿಂಗಳಾಗಿತ್ತು. ಅವನ ತಂಗಿ ತೆನ್ಮೊಳಿ, ಅಣ್ಣನ ಹೆಸರು ಒಮ್ಮೆಯಾದರೂ ಅವನ ಕಾಲೇಜಿನಲ್ಲಿ ಕೇಳಿಬರಲೆಂದು, ಅವನ ಪ್ರೋಗ್ರಾಮಿದ್ದ ಸೀಡಿಯನ್ನು ಮನೆಯಿಂದ ಈ ಸ್ಪರ್ಧೆಗೆ ತಂದಿದ್ದಳು.

ಬೆಳಿಗ್ಗೆ ಬೋರ್ಡಿನ ಮೇಲೆ ಮೋಹನ್ ರಾಜ್ ಹೆಸರು ಕಂಡಾಗ ಧನಶ್ರೀ ಅದನ್ನು ಎರಡು ಸಲ ಓದಿದ್ದಳು. ಆ ಸೀಡಿ ಅನ್ನೂರಿನಲ್ಲಿರುವ ಅವನ ಮನೆಯ ಕಪಾಟಿನಲ್ಲೇ ಉಳಿದುಬಿಡುತ್ತದೆ, ಯಾರೂ ಹೊರಗೆ ತೆಗೆಯುವುದಿಲ್ಲ ಎಂದು ನಂಬಿದ್ದಳು ಅವಳು.

ಗೋ ಆಟದಲ್ಲಿ ಮೊದಲ ಕಾಯಿ ಇಡುವುದು ಕಪ್ಪು. ಮೊದಲು ಇಟ್ಟವರಿಗೆ ಅನುಕೂಲ ಹೆಚ್ಚು. ಅದಕ್ಕಾಗಿ ಬಿಳಿ ಕಾಯಿ ಹಿಡಿದವರಿಗೆ ಒಂದಿಷ್ಟು ಪರಿಹಾರ ಅಂಕ ಕೊಡುತ್ತಾರೆ. ಇಲ್ಲಿ ಐದೂವರೆ ಕೊಟ್ಟಿದ್ದರು. ಆ ಅರ್ಧ ಅಂಕ, ಆಟ ಸಮವಾಗಿ ಮುಗಿಯಬಾರದೆಂದು. ಆದರೂ ಕಪ್ಪು ಹಿಡಿದವರೇ ಗೆಲ್ಲುತ್ತಿದ್ದರು. ಬಣ್ಣ ಅದಲುಬದಲು ಮಾಡಿದ ಹಾಗೆ ಒಮ್ಮೆ ಧನಶ್ರೀ, ಒಮ್ಮೆ ತೆನ್ಮೊಳಿ.

"ಪರಿಹಾರ ಸಾಲದು," ಎಂದು ಕುಪ್ಪುಸಾಮಿ ಅದನ್ನು ಏಳೂವರೆಗೆ ಏರಿಸಿದರು. ಈಗ ಬಿಳಿ ಹಿಡಿದವರೇ ಗೆಲ್ಲತೊಡಗಿದರು. ಆರೂವರೆಗೆ ಇಳಿಸಿದರು. ಗೆಲುವು ಅತ್ತ ಒಂದು, ಇತ್ತ ಒಂದು, ತೂಗಿ ಇಟ್ಟಂತೆ ಬಂತು.

"ಇದೇ ನ್ಯಾಯವಾದ ಅಂಕ, ಸಾರ್. ಇಲ್ಲಿಗೆ ನಿಲ್ಲಿಸಿ, ಬಹುಮಾನ ಅವರಿಗೇ ಕೊಟ್ಟುಬಿಡಿ," ಎಂದಳು ಧನಶ್ರೀ.

ಕುಪ್ಪುಸಾಮಿ ಇಲ್ಲವೆಂದು ತಲೆಯಾಡಿಸಿದರು. "ಎರಡು ತಲೆ ಬರೆದ ಪ್ರೋಗ್ರಾಮುಗಳಾದರೆ ಎಷ್ಟು ಪರಿಹಾರ ಕೊಟ್ಟರೂ ಯಾವುದಾದರೂ ಒಂದರ ಕೈ ಮೇಲಾಗಬೇಕು. ಬಣ್ಣ ಬದಲಾದ ಹಾಗೆಲ್ಲ ಗೆಲುವೂ ಬದಲಾಗುತ್ತದೆ ಅಂದರೆ ಒಂದೇ ಅರ್ಥ. ಇಲ್ಲಿ ಒಂದೇ ಪ್ರೋಗ್ರಾಮು ತನ್ನ ಜೊತೆ ತಾನೇ ಆಡುತ್ತಿದೆ."

ಅವರು ಎರಡನ್ನೂ ತೆರೆದು ಅಕ್ಕಪಕ್ಕ ಇಟ್ಟರು. ಮೇಲಿನ ಹೆಸರು ಬಿಟ್ಟರೆ ಎಲ್ಲಾ ಒಂದೇ.

ಹಿಂದಿನ ಬೆಂಚಿನಿಂದ ಯಾರೋ "ಛೀ" ಎಂದರು. ತೆನ್ಮೊಳಿ ಎದ್ದು ನಿಂತಳು. ತಮಿಳಿನಲ್ಲಿ ಶುರು ಮಾಡಿ, ಧನಶ್ರೀಯ ಮುಖ ಕಂಡು ಮನೆಮಾತಾದ ಕನ್ನಡಕ್ಕೆ ತಿರುಗಿದಳು.

"ಅಕ್ಕಾ, ಅಣ್ಣಂಗೆ ಒಡಂಬು ಸರಿಯಿಲ್ದಾಗ ನೀನು ದಿನಾ ಬಸ್ ಹತ್ತಿ ಬರ್ತಿದ್ದೆ. ಅವ್ನು ಮಲಗಿದ್ದೇ ಹೇಳ್ತಿದ್ದ, ನೀನು ಟೈಪ್ ಹೊಡೀತಿದ್ದೆ. ಅಷ್ಟೇ ತಾನೆ? ಕೂಡಪ್ಪಿರಂದ ಅಕ್ಕನ್ ತರ, ಒಡಹುಟ್ಟಿದೋಳ್ ತರ ಅಂತ ನಾವ್ ನಂಬಿದ್ವಿ."

"ಅಷ್ಟೇ," ಎಂದಳು ಧನಶ್ರೀ. ತಲೆ ಎತ್ತಲಿಲ್ಲ.

ಮುಂದಿನ ಸಾಲಿನಲ್ಲಿ ಕೂತಿದ್ದ ತಾಯಿ ಕನ್ನಿಯಮ್ಮಾಳ್ ಮಗಳ ಕೈ ಹಿಡಿದು ಕೂರಿಸಿದರು. ಮಗನ ಹೆಸರು ಕೂಗುವುದನ್ನು ಕೇಳಲೆಂದು ರೇಷ್ಮೆ ಸೀರೆ ಉಟ್ಟು ಬಂದಿದ್ದರು ಅವರು.

ಕುಪ್ಪುಸಾಮಿ ದುಡುಕುವ ಮನುಷ್ಯರಲ್ಲ. ಪರದೆಯ ಮೇಲೆ ಒಂದು ಕಡೆ ಬೆರಳಿಟ್ಟರು. "ಸೋಲು ಖಚಿತ ಅಂತ ಗೊತ್ತಾದ ಮೇಲೂ ಇದು ಆಟ ಬಿಟ್ಟುಕೊಡುವುದಿಲ್ಲ. ಕೊನೆಯ ಕಾಯಿಯವರೆಗೂ ಆಡುತ್ತದೆ. ಯಾಕೆ ಹಾಗೆ ಬರೆದಿದೆ? ಬರೆದವರಿಗೆ ಗೊತ್ತಿರಬೇಕು. ಹೇಳಮ್ಮ."

ಧನಶ್ರೀಯ ತುಟಿ ಅಲುಗಿತು. ಅವಳ ಕಣ್ಣು ಕನ್ನಿಯಮ್ಮಾಳ್ ಕಡೆಗೆ ಹೋಗಿ ಮರಳಿತು.

"ಗೊತ್ತಿಲ್ಲ, ಸಾರ್."

"ನಂಗ್ ಗೊತ್ತು," ಎಂದರು ಕನ್ನಿಯಮ್ಮಾಳ್ ಕೂತಲ್ಲಿಂದಲೇ. "ನಮ್ ಮೋಹನು ಹಂಗೇ, ಸಾರ್. ಡಾಕ್ಟರ್ ಕೈ ಬಿಟ್ಮೇಲೂ ಅವ್ನು ಬಿಡ್ಲಿಲ್ಲ."

ತೆನ್ಮೊಳಿ ಅದನ್ನು ಕುಪ್ಪುಸಾಮಿಗೆ ತಮಿಳಿನಲ್ಲಿ ಹೇಳಿದಳು. ಇನ್ನು ಕೇಳುವುದೇನೂ ಉಳಿದಿರಲಿಲ್ಲ.

"ಇದು ಇಬ್ಬರ ಕೆಲಸ ಅಲ್ಲ, ಸಾರ್. ಒಬ್ಬರದೇ," ಎಂದಳು ಧನಶ್ರೀ. "ನನ್ನ ಹೆಸರು ತೆಗೆದುಬಿಡಿ."

"ನಿನ್ನ ಕೊನೆಯ ವರ್ಷದ ಪ್ರಾಜೆಕ್ಟೂ ಇದೇ ಅಲ್ಲವಾ? ಅದೂ ಹೋಗುತ್ತದೆ. ವರ್ಷ ಕಳೆದುಕೊಳ್ಳುತ್ತೀ."

"ಗೊತ್ತು, ಸಾರ್."

ಸಂಜೆ ಮೈಕಿನಲ್ಲಿ ಮೋಹನ್ ರಾಜ್ ಹೆಸರು ಕೂಗಿದರು. ಕನ್ನಿಯಮ್ಮಾಳ್ ವೇದಿಕೆ ಹತ್ತಿ ಬಹುಮಾನದ ಕಪ್ಪನ್ನು ಎರಡೂ ಕೈಯಲ್ಲಿ ಈಸಿಕೊಂಡು, ಎಳೆ ಮಗುವಿನ ಹಾಗೆ ಎದೆಗೆ ಒತ್ತಿಕೊಂಡರು. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಧನಶ್ರೀ ಬಾಗಿಲ ಹೊರಗೆ ನಿಂತು ಅದನ್ನು ಕೇಳಿಸಿಕೊಂಡಳು. ಜೊತೆಯವರು ಅವಳನ್ನು ದಾಟಿ ಹೋದರು, ಒಬ್ಬರೂ ಮಾತಾಡಿಸಲಿಲ್ಲ.

ಬಸ್ ಸ್ಟಾಪಿನಲ್ಲಿ ಕನ್ನಿಯಮ್ಮಾಳ್ ತಾವಾಗಿಯೇ ಅವಳ ಹತ್ತಿರ ಬಂದರು. ಬೈಯುತ್ತಾರೆಂದು ಧನಶ್ರೀ ಕಾದಳು. ಅವರು ಅವಳ ಗಲ್ಲ ಸವರಿದರು.

"ಯಾಕ್ ಅಮ್ಮಿಣಿ ಹಿಂಗ್ ಮಾಡ್ದೆ? ನೀನು ಬಾಯ್ಬಿಟ್ಟು ಕೇಳಿದ್ರೆ ಅವ್ನು ಕೊಡ್ತಿರ್ಲಿಲ್ವಾ?"

"ಕೊಡ್ತಿದ್ದ, ಅಮ್ಮಾ."

"ಪೋಗ್ಲಿ ಬಿಡು. ಊಟ ಮಾಡ್ಕೊ. ರೊಂಬ ಇಳ್ದೋಗಿದ್ದೀಯ."

ತೆನ್ಮೊಳಿ ಮಾತ್ರ ತಿರುಗಿ ನೋಡದೆ ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಕೂತ ತಾಯಿ, ಪಕ್ಕದ ಸೀಟಿನ ಹೆಂಗಸಿಗೆ ಆಗಲೇ ಆ ಬಹುಮಾನ ತೋರಿಸಿ ಏನೋ ಹೇಳುತ್ತಿದ್ದರು. ಮಗ ಹೋದ ಮೇಲೆ ಆ ಮುಖದಲ್ಲಿ ನಗು ಕಂಡದ್ದು ಅದೇ ಮೊದಲು. ಅನ್ನೂರಿನ ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಧನಶ್ರೀ ನಿಂತಲ್ಲೇ ನಿಂತಿದ್ದಳು.

ಬೆರಳಲ್ಲಿ ಬಲವಿಲ್ಲದೆ, ತಲೆಯಲ್ಲಿ ಏನೂ ನಿಲ್ಲದೆ, "ಅಮ್ಮಂಗೆ ಮಾತ್ರ ನಾನೇ ಮಾಡ್ತಿದೀನಿ ಅಂತ ಹೇಳು" ಎಂದು ಮೋಹನ್ ರಾಜ್ ಬೇಡಿಕೊಂಡ ದಿನದಿಂದ, ಅವನ ಹಾಸಿಗೆಯ ಪಕ್ಕ ಕೂತು, ಅವನ ಹೆಸರು ಹಾಕಿ, ಆ ಪ್ರೋಗ್ರಾಮಿನ ಒಂದೊಂದು ಸಾಲನ್ನೂ ಬರೆದವಳು ಅವಳೇ.