ಧಾರೆ ಸೀರೆಯ ಕೋಟು

ಅವಸರದಲ್ಲಿದ್ದರೆ ಇದನ್ನು ಆಮೇಲೆ ಓದಿ... ಅಮ್ಮನೋ ಮಗಳೋ ಪಕ್ಕದಲ್ಲಿದ್ದಾಗ ಓದಿದರೆ ಇನ್ನೂ ಒಳ್ಳೆಯದು.

ದಾವಣಗೆರೆಯ ಹೈಸ್ಕೂಲೊಂದರಲ್ಲಿ ವಿಶಾಲಾಕ್ಷಿ ಟೀಚರ್ ಅಂತ ಒಬ್ಬರಿದ್ದರು. ಗಂಡ ತೀರಿಕೊಂಡ ಮೇಲೆ ಅವರಿಗಿದ್ದದ್ದು ಒಬ್ಬಳೇ ಮಗಳು, ಸಿಂಚನಾ.

ಸಿಂಚನಾ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ಆದರೆ ಬಡಾವಣೆಯವರ ಬಾಯಲ್ಲಿ ಅವಳ ಬಟ್ಟೆಯದ್ದೇ ಮಾತು...

ಅಜ್ಜಿಯ ಕೌದಿಯಿಂದ ಬ್ಯಾಗು, ಹಳೆಯ ಪಂಚೆಯಿಂದ ಕುರ್ತಾ, ಕಿವಿಯ ಮಟ್ಟಕ್ಕೆ ಕತ್ತರಿಸಿದ ಕೂದಲು. ಅವಳು ಸ್ಟೇಟಸ್ ಹಾಕಿದ್ದನ್ನು ನೋಡಿ ಊರಿನ ಹುಡುಗಿಯರು ಅದೇ ಥರ ಹೊಲಿಸಿಕೊಳ್ಳುತ್ತಿದ್ದರು.

ದೊಡ್ಡವರು ಮಾತ್ರ ಟೀಚರನ್ನು ದಾರಿಯಲ್ಲಿ ನಿಲ್ಲಿಸಿ, "ಮಗಳದ್ದು ಸ್ಟೈಲ್ ಜಾಸ್ತಿ ಆತಲ್ರೀ..." ಎನ್ನುತ್ತಿದ್ದರು. ಆ ಮಾತು ಮನೆ ಸೇರುವವರೆಗೂ ಅವರನ್ನು ಚುಚ್ಚುತ್ತಿತ್ತು.

ಒಂದು ಭಾನುವಾರ ಸಿಂಚನಾ ಉದ್ದನೆಯ ಹೊಸ ಕೋಟೊಂದನ್ನು ತೊಟ್ಟು ಅಮ್ಮನ ಮುಂದೆ ಬಂದು ನಿಂತಳು. ಅರಿಶಿನ ಬಣ್ಣದ ರೇಷ್ಮೆ, ತೋಳಿನ ತುದಿಗೆ ಕೆಂಪು ಅಂಚು.

ಟೀಚರ್ ಆ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದರು. ಅದು ಅವರ ಧಾರೆ ಸೀರೆ.

"ಟ್ರಂಕಿನಲ್ಲಿಟ್ಟು ಇಟ್ಟು ಮಡಿಕೇಲೇ ಹರೀತಿತ್ತು ಅಮ್ಮ... ಅದಕ್ಕೇ..."

"ನಿಮ್ಮಪ್ಪನ ಪಕ್ಕ ಕೂತಾಗ ಉಟ್ಟ ಸೀರೆ ಅದು. ಅದಕ್ಕೂ ಕತ್ತರಿ ಹಾಕಿದ್ಯಲ್ಲ... ಇನ್ನೊಂದ್ಸಲ ಇದನ್ನ ಹಾಕ್ಕಂಡು ನನ್ನ ಕಣ್ಣಿಗೆ ಬೀಳಬ್ಯಾಡ."

ಸಿಂಚನಾ ಒಳಗೆ ಹೋಗಿ ಕೋಟು ಬಿಚ್ಚಿಟ್ಟಳು. ಆ ಕೋಟು ಮತ್ತೆ ಮನೆಯಲ್ಲಿ ಕಾಣಿಸಲಿಲ್ಲ.

ಅದೇ ಮಳೆಗಾಲದಲ್ಲಿ ಅವಳಿಗೆ ಡೆಂಗಿ ಜ್ವರ ಬಂತು... ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ.

ಕಾರ್ಯ ಮುಗಿದ ಮಾರನೆಯ ದಿನವೇ ಟೀಚರ್ ಮಗಳ ಬೀರು ತೆರೆದರು. ಮೊದಲು ಹುಡುಕಿದ್ದು ಆ ಕೋಟನ್ನು. ಸಿಗಲಿಲ್ಲ. ನನ್ನ ಮಾತಿಗೆ ನೊಂದು ಸುಟ್ಟೇಬಿಟ್ಟಳೇನೋ ಅನಿಸಿತು.

ಉಳಿದದ್ದನ್ನೆಲ್ಲ ಗಂಟು ಕಟ್ಟಿ ಸಿಕ್ಕಸಿಕ್ಕವರಿಗೆ ಕೊಟ್ಟರು. "ಅವಳ ಒಂದು ಚೂರು ಬಟ್ಟೆನೂ ಈ ಮನೇಲಿ ಇರಬಾರ್ದು" ಎಂದು ಅತ್ತರು.

ಕಾಟ ಶುರುವಾದದ್ದೇ ಆಮೇಲೆ...

ಊರು ಅಷ್ಟೇನೂ ದೊಡ್ಡದಲ್ಲ. ಕೊಟ್ಟ ಬಟ್ಟೆಗಳೆಲ್ಲ ಊರಿನಲ್ಲೇ ಓಡಾಡತೊಡಗಿದವು. ಸಿಟಿ ಬಸ್ಸಿನ ಮುಂದಿನ ಸೀಟಿನಲ್ಲಿ ಸಿಂಚನಾಳ ನೀಲಿ ಕುರ್ತಾ. ತರಕಾರಿ ಅಂಗಡಿಯ ಮುಂದೆ ಅವಳ ದುಪಟ್ಟಾ. ದೇವಸ್ಥಾನದ ಸಾಲಿನಲ್ಲಿ ಅವಳ ಹಾಗೆಯೇ ಕತ್ತರಿಸಿದ ಕೂದಲು...

ಪ್ರತಿ ಸಲವೂ ಟೀಚರ್ ಎದ್ದು, ಜನರನ್ನು ಸರಿಸಿ, ಮುಂದೆ ಹೋಗಿ ಮುಖ ನೋಡುತ್ತಿದ್ದರು. ಪ್ರತಿ ಸಲವೂ ಬೇರೆ ಯಾರದೋ ಮುಖ.

ಊಟ ಸೇರಲಿಲ್ಲ. ಮೈ ಇಳಿದುಹೋಯಿತು.

ಮರುವರ್ಷ ಒಂದು ಸಂಜೆ ಮನೆಯಲ್ಲಿ ಕೂರಲಾಗದೆ ಮಂಡಿಪೇಟೆ ಕಡೆ ನಡೆದುಕೊಂಡು ಹೊರಟಿದ್ದರು. ಗದ್ದಲದ ನಡುವೆ ಅರಿಶಿನ ಬಣ್ಣದ ಕೋಟೊಂದು ಮುಂದೆ ಮುಂದೆ ಹೋಗುತ್ತಿತ್ತು. ತೋಳಿನ ತುದಿಗೆ ಕೆಂಪು ಅಂಚು...

ಇದನ್ನು ತಾನು ಯಾರಿಗೂ ಕೊಟ್ಟಿಲ್ಲ.

ಕೈಯಲ್ಲಿದ್ದ ಚೀಲ ಎಲ್ಲಿ ಬಿತ್ತೋ ಗೊತ್ತಾಗಲಿಲ್ಲ. ಆಟೋಗಳ ನಡುವೆ ನುಗ್ಗಿದರು. ಕೋಟು ಒಂದು ಗಲ್ಲಿಗೆ ತಿರುಗಿತು. ಟೀಚರೂ ತಿರುಗಿದರು.

"ಸಿಂಚೂ... ನಿಲ್ಲೇ, ಸಿಂಚೂ..."

ಕೋಟು ನಿಂತಿತು. ನಿಧಾನವಾಗಿ ಹಿಂದಕ್ಕೆ ತಿರುಗಿತು.

ಯಾವುದೋ ಗೊತ್ತಿಲ್ಲದ ಹುಡುಗಿ. ಆದರೆ ಟೀಚರನ್ನು ಕಂಡದ್ದೇ ಅವಳ ಮುಖ ಬಿಳುಚಿಕೊಂಡಿತು. ಕುಸಿಯುತ್ತಿದ್ದವರನ್ನು ಹಿಡಿದು, ಅಲ್ಲೇ ಇದ್ದ ತನ್ನ ಪುಟ್ಟ ಟೈಲರಿಂಗ್ ಅಂಗಡಿಯಲ್ಲಿ ಕೂರಿಸಿ ನೀರು ಕೊಟ್ಟಳು.

"ನಾನು ಕೊಟ್ರಮ್ಮ ಅಂತ ಟೀಚರ್. ಅಕ್ಕನ ಬಟ್ಟೆ ಎಲ್ಲಾ ನಾನೇ ಹೊಲೀತಿದ್ದೆ."

"ಇದು... ನಿನ್ನ ಹತ್ರ ಹೆಂಗೆ ಬಂತು?"

"ಅಮ್ಮಂಗೆ ಇದನ್ನ ನೋಡಿದ್ರೆ ನೋವಾಗ್ತತಿ, ನೀನೇ ಹಾಕ್ಕ ಅಂತ ಅಕ್ಕ ಕೊಟ್ರು. ಊರಿಗೆಲ್ಲ ಹೊಲೀತೀಯ, ನೀನೊಂದು ಚಲೋ ಬಟ್ಟೆ ಹಾಕಿದ್ದು ನೋಡೇ ಇಲ್ಲ ಅಂತಿದ್ರು. ಅವ್ರು ಹೋದ ಮೇಲೆ ಮುಟ್ಟಿರ್ಲಿಲ್ಲ ಟೀಚರ್... ಇವತ್ತು ಅವ್ರು ಹುಟ್ಟಿದ ದಿನ ಅಲ್ವಾ, ಅದಕ್ಕೆ ಹಾಕ್ಕಂಡೆ."

ಟೀಚರ್ ಅವಳ ಮುಖವನ್ನೇ ನೋಡಿದರು. ಆ ದಿನ ಮನೆಯಲ್ಲಿ ಕೂರಲಾಗದೆ ಅವರು ಹೊರಬಿದ್ದದ್ದೂ ಅದಕ್ಕೇ. ಅದು ನೆನಪಿರುವುದು ತನ್ನೊಬ್ಬಳಿಗೇ ಅಂದುಕೊಂಡಿದ್ದರು.

"ನನ್ನ ಮೇಲೆ ಸಿಟ್ಟಿಟ್ಕಂಡೇ ಹೋದ್ಲಾ ಕೊಟ್ರಮ್ಮ?"

ಹುಡುಗಿ ಎದ್ದು ಹೋಗಿ ಕಪಾಟಿನಿಂದ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಗಂಟೊಂದನ್ನು ತಂದು ಟೀಚರ ಮಡಿಲಲ್ಲಿಟ್ಟಳು.

ಬಿಚ್ಚಿದರೆ... ಇನ್ನೊಂದು ಕೋಟು. ಅದೇ ಅರಿಶಿನ ರೇಷ್ಮೆ. ಬೆನ್ನಿನ ತುಂಬ ಸೆರಗಿನ ಜರಿ.

"ಸೆರಗು ಚೆನ್ನಾಗಿತ್ತು ಅಂತ ಅದನ್ನ ಅಕ್ಕ ಮೊದ್ಲೇ ನಿಮಗೆ ಅಂತ ತೆಗೆದಿಟ್ಟಿದ್ರು. ಈ ಕೋಟು ನಂಗೆ ಕೊಟ್ಟ ದಿನಾನೇ ನಿಮ್ಮ ರವಿಕೆ ತಂದು ಅಳತೆ ಕೊಟ್ರು. ಅಮ್ಮ ರಿಟೈರ್ ಆಗೋ ದಿನ ನಾನೇ ತೊಡಿಸ್ತೀನಿ, ಅಲ್ಲಿ ತನಕ ಬಾಯಿ ಬಿಡಬ್ಯಾಡ ಅಂದಿದ್ರು..."

ಕೊಟ್ರಮ್ಮ ಗಂಟಿನ ಬಿಳಿ ಬಟ್ಟೆಯನ್ನು ಮಡಚುತ್ತಾ ಮುಂದುವರಿಸಿದಳು.

"ಕೊಡಾಣ ಅಂತ ನಿಮ್ಮನೆ ಗೇಟಿನ ತನಕ ಬಂದಿದ್ದೆ. ಒಂದು ಚೂರು ಬಟ್ಟೆನೂ ಇರಬಾರ್ದು ಅಂತ ಅಳ್ತಿದ್ರಿ... ಹಂಗೇ ವಾಪಸ್ ಬಂದೆ."

ಟೀಚರ್ ಆ ರೇಷ್ಮೆಯಲ್ಲಿ ಮುಖವಿಟ್ಟು ಬಹಳ ಹೊತ್ತು ಅತ್ತರು. ಆಮೇಲೆ ಎದ್ದು ತೋಳು ತೂರಿಸಿದರು. ಹೆಗಲಿನಿಂದ ಜಾರುವಷ್ಟು ಸಡಿಲ.

"ಕೊಡ್ರಿ ಟೀಚರ್, ಒಳಗೆ ಒಂದು ಹೊಲಿಗೆ ಹಾಕಿ ಹಿಡೀತೀನಿ."

"ಬ್ಯಾಡಮ್ಮ... ಅವಳು ನೋಡಿದ್ದ ಅಮ್ಮನ ಅಳತೆ ಇದು. ಹಿಂಗೇ ಇರಲಿ."

ನಿವೃತ್ತಿಯ ದಿನ ಟೀಚರ್ ಆ ಸಡಿಲ ಕೋಟನ್ನೇ ತೊಟ್ಟು ವೇದಿಕೆ ಹತ್ತಿದರು. ಮುಂದಿನ ಸಾಲಿನಲ್ಲಿ ಯಾರೋ, "ಈ ವಯಸ್ಸಿಗೆ ಇದೆಲ್ಲಾ..." ಎಂದದ್ದು ಅವರ ಕಿವಿಗೂ ಬಿತ್ತು. ಅವರು ತಲೆ ತಗ್ಗಿಸಲಿಲ್ಲ.

ಮಗಳ ಬಟ್ಟೆಗಳು ಈಗಲೂ ಪೇಟೆಯಲ್ಲಿ ಅವರಿಗೆ ಎದುರಾಗುತ್ತವೆ. ಈಗ ಅವರು ಓಡುವುದಿಲ್ಲ, ಮುಖ ನೋಡುವುದಿಲ್ಲ. ಆ ಬಟ್ಟೆ ಜನರ ನಡುವೆ ಮರೆಯಾಗುವವರೆಗೂ ಅದರ ಹಿಂದೆ ಸುಮ್ಮನೆ ನಡೆಯುತ್ತಾರೆ...

ಮಕ್ಕಳು ತೊಟ್ಟದ್ದನ್ನು ಊರಿನ ಕಣ್ಣಿನಿಂದ ನೋಡುತ್ತಾ ಹೋದರೆ, ಅವರ ಮನಸ್ಸು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ನಿಮ್ಮ ಮನೆಯಲ್ಲೂ ಯಾರಾದರೂ ಹೊಸದೊಂದನ್ನು ತೊಟ್ಟು ಬಂದು ನಿಮ್ಮ ಮುಂದೆ ನಿಂತಿದ್ದರಾ...? ನೀವು ಏನೆಂದಿರಿ?