ನೀಲಿ ಮುದ್ದೆ

ಕೇಳಿ ಸ್ವಾಮಿ, ಈ ಸೀಮೆಯಲ್ಲಿ ಯಾರ ಮುದ್ದೆ ಬೇಕಾದರೂ ನೀಲಿಯಾದೀತು, ನಮ್ಮ ಶಿವನಂಜನದು ಆಗುವುದಿಲ್ಲ. ಅಡುಗೆ ಮಾಡುವವರು ಹೆದರಿದರೆ ತಾನೇ ಅಡುಗೆ ನೀಲಿಯಾಗುವುದು? ನಂಜ ಹೆದರುವ ಗಂಡಲ್ಲ.

ಆವತ್ತು ಹೆಣ್ಣಿನ ಕಡೆಯವರು ಅವನನ್ನು ನೋಡಲು, ಅವನ ಕೈರುಚಿ ನೋಡಲು ಬಂದಿದ್ದರು. ಹಜಾರದಲ್ಲಿ ಚಂದ್ರಕಲಾ, ಪಕ್ಕದಲ್ಲಿ ಅವಳಪ್ಪ. ನೀಲಿ ಮುದ್ದೆ ಬಡಿಸಿದ ಗಂಡನ್ನು ಯಾರೂ ಒಪ್ಪುವುದಿಲ್ಲ.

“ಹೆದರ್ಕಂಡಿದ್ದೀಯೇನೋ?” ಅಂದಳು ಅಡುಗೆಮನೆಯಲ್ಲಿ ನಂಜನ ಅಕ್ಕ.

“ಬೆಂಕಿ ಜೊತೆ ಆಡೋನ್ಗೆ ಹೊಗೆ ತೋರಿಸ್ಬೇಡ ಅಕ್ಕಾ.”

ಹಿಟ್ಟು ತಿರುವುತ್ತಿದ್ದಂತೆ ಅಂಚಿನಲ್ಲಿ ನೀಲಿ ಇಣುಕಿತು. ನಂಜ ಗಡಿಬಿಡಿಯಲ್ಲಿ ಮುದ್ದೆ ಕಟ್ಟಿ, ಮೇಲೆ ಮಾವಿನ ಸೀಕರಣೆ ಸುರಿದು, ಸುತ್ತ ಗೋಡಂಬಿ ಜೋಡಿಸಿ ತಂದಿಟ್ಟ.

“ಮುದ್ದೆಗೆ ಸೀಕರಣೆಯೇನಪ್ಪಾ?”

“ಈಗ ಇದೇ ಟ್ರೆಂಡು, ಮಾವ.”

“ಇನ್ನೂ ಮಾವ ಆಗಿಲ್ಲ ಕಣಪ್ಪ.”

ಚಂದ್ರಕಲಾ ಮುದ್ದೆ ಮುರಿದಳು.

ಹೆದರುವ ಗಂಡಲ್ಲ ಅಂದೆನಲ್ಲ, ಅದು ಸುಳ್ಳು. ಮುದ್ದೆಯ ಒಳಗೆಲ್ಲ ಶಾಯಿ ಚೆಲ್ಲಿದಂತಿತ್ತು. ಅವಳು ಅಪ್ಪನಿಗೆ ಕಾಣದಂತೆ ಮುರಿದ ಜಾಗಕ್ಕೆ ಸರಕ್ಕನೆ ಸೀಕರಣೆ ಎಳೆದು ಮುಚ್ಚಿ, ತುತ್ತು ನುಂಗಿದಳು. ಆಮೇಲೆ ತಾನೇ ಮಾಡಿ ತಂದಿದ್ದ ಒಬ್ಬಟ್ಟಿನ ಡಬ್ಬಿಯನ್ನು ಅವನತ್ತ ತಳ್ಳಿದಳು. ಮೇಲೆ ದಪ್ಪಗೆ ಕೊಬ್ಬರಿ ತುರಿ ಉದುರಿಸಿತ್ತು. ನಂಜ ಬೆರಳಿನಿಂದ ಸರಿಸಿ ನೋಡಿದ. ಅದೂ ನೀಲಿ.